ಮುಚ್ಚಳ ಹಾಕುವುದು ಒಣಗಿದ ಮೇಲೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರದ ಪುರವಣಿಯಲ್ಲಿ, ಮನೆಬಳಕೆಯ ಕಿರುಸಲಹೆಗಳ ಅಂಕಣದಲ್ಲಿ ಶೇವಿಂಗ್ ಸೋಪಿನ ಬಗ್ಗೆ ನಾಲ್ಕು ಸಾಲು ಬಂದಿತ್ತು. ಶೇವ್ ಮುಗಿದ ಕೂಡಲೇ ಸೋಪಿನ ಡಬ್ಬಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಸೋಪು ಬಹಳ ದಿನ ಬಾಳುತ್ತದೆ ಎಂದು ಅದರಲ್ಲಿತ್ತು. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು, ಸಲಹೆ ಮಾತ್ರ ತಪ್ಪು. ಅದೇ ತಪ್ಪನ್ನು ನಾನು ಎರಡು ತಿಂಗಳು ಮಾಡಿದ್ದೇನೆ. ಅನುಭವಿಸಿದ್ದು ನನ್ನ ಯಜಮಾನರ ಕೆನ್ನೆ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಪೂರ್ತಿ ಹಾಕಲು ಜಾಗ ಸಾಲದಿದ್ದರೆ ಗಾಳಿಯ ಲೆಕ್ಕ ಇರುವ ಭಾಗವನ್ನಾದರೂ ಉಳಿಸಿಕೊಳ್ಳಿ.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ನಾಲ್ಕು ವರ್ಷದ ಹಿಂದೆ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಮನುಷ್ಯ ಮೊದಲಿನಿಂದಲೂ ಮುಖದ ಮೇಲೆ ಒಂದು ದಿನದ ಗಡ್ಡವನ್ನೂ ಸಹಿಸಿದವರಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಎಡಗೈಯಿಂದ ಗಲ್ಲ ಉಜ್ಜಿಕೊಂಡು ಉಜ್ಜಿಕೊಂಡು ಬಚ್ಚಲಿನ ಕಡೆ ತೋರಿಸಿದರು. ಅವತ್ತಿನಿಂದ ಆ ಕೆಲಸ ನನ್ನದಾಯಿತು. ಮೊದಮೊದಲು ದಿನವೂ ಮಾಡುತ್ತಿದ್ದೆ, ಈಗ ಅವರ ಚರ್ಮ ತೆಳುವಾಗಿರುವುದರಿಂದ ದಿನ ಬಿಟ್ಟು ದಿನ.

ಅವರ ಸಾಮಾನು ಎಲ್ಲ ಹಳೆಯ ಕಾಲದ್ದು. ಡಬ್ಬಿಯಲ್ಲಿ ಕೂರುವ ಗಟ್ಟಿ ಸೋಪಿನ ಬಿಲ್ಲೆ, ಹಂದಿಕೂದಲಿನ ಬ್ರಶ್ಶು, ಬ್ಲೇಡು ಹಾಕುವ ರೇಜರ್. ಮೂವತ್ತು ವರ್ಷಕ್ಕೂ ಮೇಲೆ ಅವರು ಅದೇ ಮನೆಯಲ್ಲಿ, ಅದೇ ಕನ್ನಡಿಯ ಎದುರು ಶೇವ್ ಮಾಡಿಕೊಳ್ಳುವುದನ್ನು ಕಂಡಿದ್ದರೂ ಆಮೇಲೆ ಆ ಸೋಪನ್ನು ಏನು ಮಾಡುತ್ತಾರೆ ಎಂದು ನಾನು ಒಂದು ದಿನವೂ ಗಮನಿಸಿರಲಿಲ್ಲ. ನನಗೆ ಗೊತ್ತಿದ್ದದ್ದು ಅಚ್ಚುಕಟ್ಟು ಮಾತ್ರ. ಕೆಲಸ ಮುಗಿಯಿತೋ, ಬ್ರಶ್ಶು ತೊಳೆದೆ, ಡಬ್ಬಿಗೆ ತಿರುಪಿನ ಮುಚ್ಚಳ ಬಿಗಿದೆ, ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ.

ನಾನು ಮುಚ್ಚಳ ಹಾಕಿದಾಗಲೆಲ್ಲ ಅವರು ಎಡಗೈಯಿಂದ ಅದನ್ನು ತಳ್ಳುತ್ತಿದ್ದರು. ಒಂದೆರಡು ಸಲ ಮುಚ್ಚಳ ಕೆಳಗೆ ಬಿದ್ದು ಉರುಳಿತು. ಕಾಯಿಲೆಯ ಸಿಡುಕು ಎಂದುಕೊಂಡು ಹೆಕ್ಕಿ ಮತ್ತೆ ಮುಚ್ಚುತ್ತಿದ್ದೆ. ಒಂದು ದಿನ ರೇಗಿಯೂ ಬಿಟ್ಟೆ. ಆ ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡನೆಯ ತಿಂಗಳ ಕೊನೆಗೆ ಸೋಪಿನ ಮೇಲ್ಭಾಗ ಲೋಳೆಯಾಯಿತು. ಬೆರಳಿಟ್ಟರೆ ಉಗುರಿನ ಆಳಕ್ಕೆ ಇಳಿಯುತ್ತಿತ್ತು. ಮುಚ್ಚಳದ ಒಳಗೋಡೆಗೆ ಹಳೆಯ ನೊರೆ ಬಿಳಿ ಪೊರೆಯಾಗಿ ಮೆತ್ತಿಕೊಂಡಿತ್ತು, ಅದರ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕಿಗಳು. ಮುಚ್ಚಳ ತೆಗೆದರೆ ಸೋಪಿನ ಪರಿಮಳದ ಜಾಗದಲ್ಲಿ ಒದ್ದೆ ಬಟ್ಟೆ ಮುದುರಿಟ್ಟ ವಾಸನೆ. ಇತ್ತ ಅವರ ಬಲಗೆನ್ನೆಯ ತುಂಬ ಕೆಂಪು ಗುಳ್ಳೆ ಎದ್ದಿದ್ದವು. ಚರ್ಮದ ವೈದ್ಯರು ಬ್ಲೇಡು, ಬ್ರಶ್ಶು, ಸೋಪು ಮೂರನ್ನೂ ಬದಲಾಯಿಸಿ ಎಂದರು. ಬದಲಾಯಿಸಿದೆವು, ಗುಳ್ಳೆ ಇಳಿದವು. ಹೊಸ ಸೋಪು ತಂದ ದಿನ ಮಗ ಮನೆಯಲ್ಲಿದ್ದ. ನಾನು ಮುಚ್ಚಳ ಹಾಕುವುದನ್ನೂ ಅವರು ತಳ್ಳುವುದನ್ನೂ ನೋಡಿ, "ಅಮ್ಮ, ಅಪ್ಪ ಯಾವತ್ತೂ ಒದ್ದೆ ಸೋಪಿಗೆ ಮುಚ್ಚಳ ಹಾಕ್ತಾನೇ ಇರ್ಲಿಲ್ಲ. ಕಿಟಕಿ ಹತ್ರ ತೆರೆದಿಟ್ಟು, ಸಂಜೆ ಬಂದ ಮೇಲೆ ಮುಚ್ಚೋರು" ಎಂದ. ಯಜಮಾನರು ಅವನ ಮುಖ ನೋಡಿ ತಲೆಯಾಡಿಸಿದರು. ಎರಡು ತಿಂಗಳಿಂದ ಅವರು ಹೇಳುತ್ತಿದ್ದದ್ದು ಅದೇ ಮಾತು.

ಆಮೇಲೆ ನಾನು ಇದನ್ನು ಪಾಠದಂತೆ ಕೂತು ಕಲಿತೆ. ಕಲಿತದ್ದನ್ನು ಹೇಳುತ್ತೇನೆ.

ಮೊದಲು ಗಾಳಿಯ ಲೆಕ್ಕ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ತುಂಬಿ ತುಳುಕುವಷ್ಟು ಆವಿ ಹಿಡಿದುಕೊಂಡರೂ ಅದರಲ್ಲಿರುವ ನೀರು ಸುಮಾರು 23 ಗ್ರಾಂ. ನಮ್ಮ ಡಬ್ಬಿಯಲ್ಲಿ ಸೋಪಿನ ಮೇಲೆ ಉಳಿಯುವ ಖಾಲಿ ಜಾಗವನ್ನು ಅಳತೆಯ ಲೋಟದಿಂದ ನೀರು ಹೊಯ್ದು ಅಳೆದೆ, ಸರಿಸುಮಾರು 100 ಮಿಲಿಲೀಟರ್. ಎಂದರೆ ಘನ ಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಅಷ್ಟು ಗಾಳಿ ಹೊರಬಲ್ಲ ನೀರು 2.3 ಮಿಲಿಗ್ರಾಂ. ಡ್ರಾಪರಿನಿಂದ ಬೀಳುವ ಒಂದೇ ಒಂದು ಹನಿ ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಮುಚ್ಚಿದ ಡಬ್ಬಿಯ ಗಾಳಿಗೆ ಒಂದು ಹನಿಯ ಇಪ್ಪತ್ತನೇ ಒಂದು ಪಾಲನ್ನು ಹೀರಿಕೊಳ್ಳುವಷ್ಟರಲ್ಲಿ ಹೊಟ್ಟೆ ತುಂಬಿಬಿಡುತ್ತದೆ. ಮಿಕ್ಕ ನೀರೆಲ್ಲ ಸೋಪಿನ ಮೇಲೆಯೇ ಕೂತು ಒಳಕ್ಕಿಳಿಯುತ್ತದೆ.

ಹಾಗಾದರೆ ಸೋಪಿನ ಮೇಲೆ ಉಳಿಯುವ ನೀರೆಷ್ಟು? ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಮನೆಯಲ್ಲಿತ್ತು. ಶೇವ್ ಮುಗಿದ ಕೂಡಲೇ ಡಬ್ಬಿ ಸಮೇತ ತೂಗಿ ಬರೆದಿಟ್ಟೆ. ಮುಚ್ಚಳ ಹಾಕಿಟ್ಟ ದಿನ ಮರುಬೆಳಗ್ಗೆ ತೂಕ ಅಷ್ಟೇ ಇತ್ತು. ತೆರೆದು ಕಿಟಕಿಯ ಬಳಿ ಇಟ್ಟ ದಿನ 3 ಗ್ರಾಂ ಇಳಿದಿತ್ತು. ಬಿಸಿನೀರಿನ ಸ್ನಾನ ನಡೆಯುವ ಬಚ್ಚಲಿನಲ್ಲೇ ತೆರೆದಿಟ್ಟ ದಿನ ಇಳಿದದ್ದು ಒಂದೇ ಗ್ರಾಂ. ವಾರಗಟ್ಟಲೆ ಹೀಗೆ ತೂಗಿದೆ, ಫಲ ಹೆಚ್ಚುಕಡಿಮೆ ಇದೇ. ಆ 3 ಗ್ರಾಂ ನೀರು ಆವಿಯಾಗಬೇಕಾದರೆ ನಮ್ಮ ಡಬ್ಬಿಯಂಥ ಸಾವಿರದ ಮುನ್ನೂರು ಡಬ್ಬಿಗಳಲ್ಲಿ ಹಿಡಿಸುವಷ್ಟು ಒಣಗಾಳಿ ಬೇಕು. ತೆರೆದಿಟ್ಟರೆ ಅಷ್ಟು ಗಾಳಿ ತಾನಾಗಿ ಹಾದುಹೋಗುತ್ತದೆ.

ಸಿಲಿಕಾ ಜೆಲ್ ಪೊಟ್ಟಣವೂ ಇದೇ ತಕ್ಕಡಿಯಲ್ಲಿ ಸೋಲುತ್ತದೆ. ಸಿಲಿಕಾ ಜೆಲ್ ಬಹಳ ತೇವವಿರುವ ಕಡೆ ತನ್ನ ತೂಕದ ಶೇಕಡ 40ರವರೆಗೆ ನೀರು ಹಿಡಿಯಬಲ್ಲದು. ಮಾತ್ರೆಯ ಸೀಸೆಯಲ್ಲಿ ಬರುವ ಒಂದು ಗ್ರಾಂ ಪೊಟ್ಟಣಕ್ಕೆ ಅರ್ಧ ಗ್ರಾಂ ನೀರು ಹೀರುವುದೂ ಆಗದು. ಒಂದೇ ಶೇವಿಗೆ ಅದು ತಣಿದುಹೋಗುತ್ತದೆ, ಎರಡನೆಯ ದಿನದಿಂದ ಒದ್ದೆ ಸೋಪಿನ ಪಕ್ಕ ಒದ್ದೆ ಪೊಟ್ಟಣ. ಒಣಗಿದ ಸೋಪನ್ನು ತಿಂಗಳುಗಟ್ಟಲೆ ಎತ್ತಿಡುವಾಗ ಅದರಿಂದ ಉಪಕಾರವಿದೆ. ಶೇವಾದ ಕೂಡಲೇ ಇಟ್ಟರೆ ಇಲ್ಲ.

ಶೇವಿಂಗ್ ಸೋಪಿಗೆ ಮೈಸೋಪಿಗಿಂತ ಈ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮೈಗೆ ಹಚ್ಚುವ ಗಟ್ಟಿ ಸೋಪನ್ನು ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಹಾಕಿ ಮಾಡುತ್ತಾರೆ. ಶೇವಿಂಗ್ ಸೋಪಿಗೆ ಅದರ ಜೊತೆ ಕಾಸ್ಟಿಕ್ ಪೊಟ್ಯಾಶನ್ನೂ ಸೇರಿಸುವುದುಂಟು, ಕೆಲವದರಲ್ಲಿ ಅದೇ ಹೆಚ್ಚು. ಪೊಟ್ಯಾಶಿನಿಂದಾದ ಸೋಪು ಮೆತ್ತಗೆ, ನೀರಿನಲ್ಲಿ ಬೇಗ ಕರಗುತ್ತದೆ. ಬ್ರಶ್ಶು ಅರ್ಧ ನಿಮಿಷ ಆಡಿಸಿದರೆ ಸೋಪು ಕೂದಲಿಗೆ ಹತ್ತುವುದು ಆ ಗುಣದಿಂದ. ನೊರೆ ಕೆನ್ನೆಯ ಮೇಲೆ ಕುಸಿಯದೆ ನಿಲ್ಲಲಿ ಎಂದು ಸ್ಟಿಯರಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಪಾಲು ಹೆಚ್ಚಿಟ್ಟಿರುತ್ತಾರೆ. ಅದರ ಮೇಲೆ ಗ್ಲಿಸರಿನ್. ಕೊಬ್ಬೆಂದರೆ ಕೊಬ್ಬಿನಾಮ್ಲಗಳೂ ಗ್ಲಿಸರಿನ್ನೂ ಕೂಡಿದ್ದು ಎಂಬುದನ್ನು ಬಿಡಿಸಿ ತೋರಿಸಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಷೆವ್ರೂಲ್, ಅವರ ಸಂಶೋಧನೆ ಗ್ರಂಥರೂಪದಲ್ಲಿ ಹೊರಬಂದದ್ದು 1823ರಲ್ಲಿ. ಹತ್ತನೆಯ ತರಗತಿಗೆ ಸೋಪಿನ ಪಾಠ ಬಂದಾಗಲೆಲ್ಲ ಅವರ ಹೆಸರು ಹೇಳುತ್ತಿದ್ದೆ, 102 ವರ್ಷ ಬದುಕಿದವರು ಎಂದರೆ ಮಕ್ಕಳು ಕಣ್ಣರಳಿಸುತ್ತಿದ್ದರು. ಗ್ಲಿಸರಿನ್ ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಚರ್ಮ ಬಿರಿಯದಿರಲಿ ಎಂದು ಸೋಪಿನಲ್ಲಿ ಉಳಿಸಿದ ಅದೇ ಗ್ಲಿಸರಿನ್ ಮಳೆ ಹಿಡಿದ ದಿನಗಳಲ್ಲಿ ಸೋಪಿನ ಮೈಮೇಲೆ ಬೆವರಿನಂಥ ಹನಿ ತರಿಸುತ್ತದೆ. ಇದು ಸೋಪು ಕೆಟ್ಟ ಲಕ್ಷಣವಲ್ಲ, ಒರೆಸಿದರೆ ಆಯಿತು.

ಇಲ್ಲಿ ಮುಚ್ಚಳದ ಪರವಾಗಿಯೂ ಒಂದು ಮಾತು ಹೇಳಬೇಕು. ಗಾಳಿಯೇ ಒದ್ದೆಯಾಗಿರುವ ದಿನಗಳಲ್ಲಿ ಸೋಪನ್ನು ಹಗಲೂ ರಾತ್ರಿ ತೆರೆದಿಟ್ಟರೆ ಗ್ಲಿಸರಿನ್ ನೀರು ಕುಡಿಯುತ್ತಲೇ ಇರುತ್ತದೆ. ಒಣಹವೆಯಲ್ಲಿ ಇಟ್ಟರೆ ಸೋಪು ಅತಿಯಾಗಿ ಒಣಗಿ, ಕುಗ್ಗಿ, ಸೀಳು ಬಿಡುತ್ತದೆ, ಪರಿಮಳ ಹಾರಿಹೋಗುತ್ತದೆ, ಧೂಳು ಕೂರುತ್ತದೆ. ಹಾಗಾಗಿ ಮುಚ್ಚಳ ಬೇಕು. ಮೇಲ್ಮೈ ಮುಟ್ಟಿದರೆ ಬೆರಳಿಗೆ ಅಂಟಬಾರದು, ತಣ್ಣಗಿರಬಾರದು, ಆಗ ಮುಚ್ಚಬೇಕು. ನೀರು ಆವಿಯಾಗುತ್ತಿರುವಷ್ಟು ಹೊತ್ತು ಸೋಪು ಬೆರಳಿಗೆ ತಂಪಾಗಿ ತಾಗುತ್ತದೆ, ಇದು ನಂಬಬಹುದಾದ ಗುರುತು. ನಮ್ಮ ಮನೆಯಲ್ಲಿ ಬೆಳಗ್ಗೆ ಎಂಟಕ್ಕೆ ಶೇವಾದರೆ ಸಂಜೆ ಆರರ ಹೊತ್ತಿಗೆ ಈ ಹದಕ್ಕೆ ಬರುತ್ತದೆ. ಮುಟ್ಟಿ ನೋಡುವ ಕೆಲಸ ಯಜಮಾನರದು. ಸರಿಯಾಗಿದ್ದರೆ ಮುಚ್ಚಳವನ್ನು ನನ್ನ ಕೈಗೆ ಕೊಡುತ್ತಾರೆ, ಇಲ್ಲದಿದ್ದರೆ ಕೊಡುವುದಿಲ್ಲ.

ಒಣಗಿಸುವುದಕ್ಕಿಂತ ಮುಂಚೆಯೇ ನೀರನ್ನು ಕಡಿಮೆ ಮಾಡುವ ದಾರಿಯಿದೆ, ಅದನ್ನು ಬಹಳ ಜನ ಯೋಚಿಸುವುದಿಲ್ಲ. ನಾನು ಮೊದಲು ತೊಟ್ಟಿಕ್ಕುವ ಬ್ರಶ್ಶನ್ನು ಸೋಪಿನ ಡಬ್ಬಿಯಲ್ಲೇ ಗಿರಗಿರ ತಿರುಗಿಸಿ, ಅಲ್ಲೇ ನೊರೆ ಎಬ್ಬಿಸಿ, ಅಲ್ಲಿಂದಲೇ ಕೆನ್ನೆಗೆ ಹಚ್ಚುತ್ತಿದ್ದೆ. ಮುಖಕ್ಕೆ ಬೇಕಾದ ನೀರೆಲ್ಲ ಸೋಪಿನ ಮೇಲೆ ಕೂರುತ್ತಿತ್ತು. ಈಗ ನೆನೆಸಿದ ಬ್ರಶ್ಶನ್ನು ಎರಡು ಸಲ ಜೋರಾಗಿ ಕೊಡವುತ್ತೇನೆ. ಡಬ್ಬಿಯಲ್ಲಿ ಅರ್ಧ ನಿಮಿಷ ಮಾತ್ರ ಆಡಿಸುತ್ತೇನೆ, ಕೂದಲ ತುದಿಗೆ ಸೋಪು ಗಟ್ಟಿ ಲೇಪದ ಹಾಗೆ ಹತ್ತಿದರೆ ಸಾಕು. ನೊರೆ ಎಬ್ಬಿಸಲು ಬೇರೆ ಬಟ್ಟಲು, ಬೇಕಾದ ಹನಿ ನೀರು ಅಲ್ಲಿಗೇ. ಸ್ವಂತ ಕೈಯಲ್ಲಿ ಶೇವ್ ಮಾಡಿಕೊಳ್ಳುವವರು ನೇರವಾಗಿ ಮುಖದ ಮೇಲೆಯೇ ಎಬ್ಬಿಸಿಕೊಳ್ಳಬಹುದು. ಈ ಒಂದು ಬದಲಾವಣೆಯಿಂದ ತಕ್ಕಡಿಯಲ್ಲಿ ಮರುದಿನ ಇಳಿಯುವ ತೂಕ 3 ಗ್ರಾಂನಿಂದ ಒಂದಕ್ಕೆ ಬಂತು, ಒಣಗುವ ಹೊತ್ತೂ ಅರ್ಧವಾಯಿತು.

ಆಮೇಲೆ ಸೋಪಿನ ಮೇಲೆ ಉಳಿದ ನೊರೆ. ಅದು ಸೋಪನ್ನು ಕಾಪಾಡುತ್ತದೆ, ಹಾಗೇ ಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೊರೆ ಎಂದರೆ ಅರ್ಧಕ್ಕರ್ಧಕ್ಕೂ ಮೇಲೆ ನೀರು ಮತ್ತು ಗಾಳಿ, ಅದರಲ್ಲಿ ಬ್ರಶ್ಶಿನಿಂದ ಬಂದ ಸತ್ತ ಚರ್ಮದ ಪುಡಿ, ಕೂದಲ ಚೂರು. ಗಟ್ಟಿ ಸೋಪು ಕ್ಷಾರೀಯ, ಪಿಎಚ್ 9ರಿಂದ 10. ಒಣಗಿದ್ದರೆ ಅದರ ಮೇಲೆ ಸೂಕ್ಷ್ಮಜೀವಿ ಬೆಳೆಯುವುದು ಕಷ್ಟ. ಆದರೆ ನೀರು ಬೆರೆತು ತೆಳುವಾಗಿ, ಇಂಥ ಕೊಳೆ ಸೇರಿ, ಗಾಳಿಯಾಡದೆ ಮುಚ್ಚಿಟ್ಟ ಪೊರೆ ಬೇರೆಯೇ ಜಾಗ. ನಮ್ಮ ಮುಚ್ಚಳದ ಕಪ್ಪು ಚುಕ್ಕಿ ಕಂಡದ್ದು ಆ ಪೊರೆಯ ಮೇಲೆ, ಸೋಪಿನ ಮೇಲಲ್ಲ. ಸಣ್ಣ ಧಾರೆಯ ಕೆಳಗೆ ಡಬ್ಬಿಯನ್ನು ಓರೆ ಹಿಡಿದು ಒಂದು ಕ್ಷಣ ತೊಳೆದು, ನೀರು ಚೆಲ್ಲಿ, ಡಬ್ಬಿಯನ್ನು ಗೋಡೆಗೆ ಓರೆಯಾಗಿ ಐದು ನಿಮಿಷ ಒರಗಿಸಿಡಿ. ತಳದಲ್ಲಿ ಸೇರುವ ಒಂದು ಚಮಚ ನೀರನ್ನು ಇನ್ನೊಮ್ಮೆ ಚೆಲ್ಲಿ. ಆಮೇಲೆ ಸಮನಾಗಿ ಇಡಿ. ಮುಚ್ಚಳವನ್ನೂ ಒರೆಸಿ ಅಂಗಾತ ಇಡಬೇಕು, ಅದರೊಳಗಿನ ತೇವವೂ ಸೋಪಿಗೇ ಹೋಗುವಂಥದ್ದು.

ಬಿಳಿಯದೆಲ್ಲ ಬೂಷ್ಟಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಬೂದುಬಿಳಿ ಚಕ್ಕೆಯಾಗುತ್ತವೆ. ಬಟ್ಟಲಿನ ಅಂಚಿನಲ್ಲಿ ಒಣಗಿ ಪುಡಿಪುಡಿಯಾಗಿ ಉದುರುವುದು ಅದು, ಉಜ್ಜಿ ತೆಗೆಯಬಹುದು. ಹಸಿರು, ಕಪ್ಪು ಬಣ್ಣವಿದ್ದು ನವಿರಾಗಿ ಎದ್ದಿದ್ದರೆ ಬೂಷ್ಟು. ಬಚ್ಚಲಿನ ಒದ್ದೆ ಮೂಲೆಗಳಲ್ಲಿ ಕಾಣುವ ಗುಲಾಬಿ ಲೋಳೆ ಹಲವು ಸಲ ಸೆರಾಶಿಯಾ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಂತರಿಗೆ ಅಷ್ಟಾಗಿ ಬಾಧಿಸದು, ಹಾಸಿಗೆ ಹಿಡಿದವರ, ಶಕ್ತಿ ಕುಂದಿದವರ ಸಾಮಾನಿನ ಹತ್ತಿರ ಅದು ಸುಳಿಯಬಾರದು. ಗಟ್ಟಿ ಬಿಲ್ಲೆಯ ಮೇಲೆ ಬೂಷ್ಟು ಬಂದರೆ ಮೇಲ್ಪದರ ಹೆರೆದು ತೆಗೆದು ಒಣಗಿಸಿ ಬಳಸುವವರಿದ್ದಾರೆ. ಸ್ವಂತಕ್ಕೆ ಬೇಕಾದರೆ ಮಾಡಿಕೊಳ್ಳಲಿ. ಇನ್ನೊಬ್ಬರ ಮುಖಕ್ಕೆ ಬ್ಲೇಡು ಹಿಡಿಯುವವರು ಅದನ್ನು ಬಿಸಾಡಬೇಕು. ಸಣ್ಣಗೆ ಕೊಯ್ದರೂ ಆ ನೊರೆ ಗಾಯಕ್ಕೇ ಹೋಗುತ್ತದೆ, ನಮ್ಮ ಯಜಮಾನರಂಥವರಿಗೆ ಉರಿ ಎಂದು ಹೇಳಲೂ ಬಾಯಿ ಬಾರದು.

ಪಾತ್ರೆಯ ವಿಷಯಕ್ಕೆ ಬರುತ್ತೇನೆ. ಯಜಮಾನರ ಬಳಿ ಅವರ ತಂದೆಯ ಕಾಲದ ತಾಮ್ರದ ಬಟ್ಟಲೊಂದಿತ್ತು. ಚಂದ ಕಾಣುತ್ತದೆಂದು ಹೊಸ ಬಿಲ್ಲೆಯನ್ನು ಅದರಲ್ಲಿಟ್ಟೆ. ಮೂರೇ ವಾರದಲ್ಲಿ ಸೋಪಿನ ಸುತ್ತ ಹಸಿರು ಉಂಗುರ. ಸೋಪಿನಲ್ಲಿರುವ ಕೊಬ್ಬಿನಾಮ್ಲ ತಾಮ್ರದೊಡನೆ ಸೇರಿ ಹಸಿರು ಲವಣವಾಗುತ್ತದೆ, ಒದ್ದೆ ಇದ್ದಷ್ಟೂ ಬೇಗ. ಕಿಲುಬಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಾಮ್ರ, ಕಬ್ಬಿಣ ಎರಡೂ ಕೊಬ್ಬು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುವುದನ್ನು ಚುರುಕಾಗಿಸುತ್ತವೆ. ಸೋಪಿನ ಹೊದಿಕೆಯ ಮೇಲೆ ಇಡಿಟಿಎ ಎಂಬ ಹೆಸರು ಕಂಡರೆ ಅದು ಇಂಥ ಲೋಹದ ಕಣಗಳನ್ನು ಹಿಡಿದು ಕಟ್ಟಿಹಾಕಲು ಸೇರಿಸಿದ್ದು. ತಯಾರಕರು ಅಷ್ಟು ಜತನ ಮಾಡಿ ಕೊಟ್ಟದ್ದನ್ನು ನಾವು ತಂದು ತಾಮ್ರದ ಬಟ್ಟಲಲ್ಲಿ ಕೂರಿಸಬಾರದು. ತುಕ್ಕು ಹಿಡಿಯುವ ತಗಡಿನ ಡಬ್ಬಿಯೂ ಬೇಡ. ಅಲ್ಯೂಮಿನಿಯಂ ಕ್ಷಾರಕ್ಕೆ ಕಪ್ಪಿಡುತ್ತದೆ. ಮರದ ಬಟ್ಟಲು ನೋಡಲು ಸೊಗಸು, ನೀರು ಕುಡಿದು ಉಬ್ಬಿ ಒಣಗಿ ಬಿರಿಯುವುದು ಅದರ ಹಣೆಬರಹ. ಪಿಂಗಾಣಿ, ಗಾಜು, ಸ್ಟೇನ್‌ಲೆಸ್ ಸ್ಟೀಲು, ಒಳ್ಳೆ ಪ್ಲಾಸ್ಟಿಕ್ಕು ಇವುಗಳಲ್ಲಿ ಯಾವುದಾದರೂ ಸರಿ. ನಮ್ಮ ಮನೆಯಲ್ಲಿ ಈಗ ಪಿಂಗಾಣಿ.

ಬಿಲ್ಲೆ ಕುಗ್ಗಿ ಬಟ್ಟಲಿನಲ್ಲಿ ಅಲ್ಲಾಡತೊಡಗಿದರೆ ಅದರಡಿಗೆ ನೀರು ಇಳಿಯುತ್ತದೆ, ಮೇಲೆ ಮುಟ್ಟಿ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ನಾನು ವಾರಕ್ಕೊಮ್ಮೆ ಬಿಲ್ಲೆಯನ್ನು ಎತ್ತಿ ಮಗುಚಿ ಇಡುತ್ತೇನೆ. ಎತ್ತುವುದು ಬೇಡವೆನ್ನುವವರು ತಳವನ್ನು ಸ್ವಲ್ಪವೇ ಒದ್ದೆ ಮಾಡಿ, ಬಟ್ಟಲಿಗೆ ಒತ್ತಿ ಕೂರಿಸಿ ಒಂದು ದಿನ ಬಿಟ್ಟರೆ ಅಂಟಿಕೊಳ್ಳುತ್ತದೆ. ಚೂರುಗಳು ಉಳಿದರೆ ಬೆಂಕಿಗಿಟ್ಟು ಕರಗಿಸಲು ಹೋಗಬೇಡಿ. ಉರುಳೆಗಳ ನಡುವೆ ಅರೆದು ಒತ್ತಿ ಮಾಡಿದ ಗಟ್ಟಿ ಸೋಪು ನೆಟ್ಟಗೆ ಕರಗುವುದಿಲ್ಲ, ಉಬ್ಬಿ ಸುಡುತ್ತದೆ. ತುರಿದು, ಒಂದೆರಡು ಹನಿ ನೀರು ಚಿಮುಕಿಸಿ, ಹೆಬ್ಬೆರಳಿಂದ ಒತ್ತಿ, ಎರಡು ದಿನ ತೆರೆದಿಡಿ.

ಇಷ್ಟೂ ಗಟ್ಟಿ ಸೋಪಿನ ಮಾತು. ಬೆಣ್ಣೆಯ ಹದದ ಮೆದು ಸೋಪಿನಲ್ಲಿ ತಯಾರಿಸುವಾಗಲೇ ಹೆಚ್ಚು ನೀರಿರುತ್ತದೆ, ಅದನ್ನು ದಿನಗಟ್ಟಲೆ ತೆರೆದಿಟ್ಟರೆ ಅಂಚು ಒಣಗಿ ಬಟ್ಟಲಿನಿಂದ ಕಳಚಿಕೊಳ್ಳುತ್ತದೆ. ಒಂದೆರಡು ಗಂಟೆ ಸಾಕು, ಮೇಲಿನ ಹೊಳಪು ಆರಿದರೆ ಮುಚ್ಚಬಹುದು. ಅಗಲ ಬಾಯಿಯ ಡಬ್ಬಿಯಲ್ಲಿ ಬರುವ ಕ್ರೀಮಿಗೆ ಒದ್ದೆ ಬ್ರಶ್ಶನ್ನು ಅದ್ದಲೇಬಾರದು, ಒಣ ಚಮಚದಿಂದ ಬೇಕಾದಷ್ಟು ತೆಗೆದುಕೊಂಡು ಮುಚ್ಚಬೇಕು. ಟ್ಯೂಬಿನ ಕ್ರೀಮಿನವರಿಗೆ ಈ ತಾಪತ್ರಯ ಇಲ್ಲ.

ಬ್ರಶ್ಶಿನ ಬಗ್ಗೆ ವಾದ ಬಹಳ. ತಲೆಕೆಳಗಾಗಿ ತೂಗುಹಾಕಬೇಕೋ, ನೆಟ್ಟಗೆ ನಿಲ್ಲಿಸಬೇಕೋ ಎಂದು. ಕೊಡವಿದ ಮೇಲೆ ಉಳಿಯುವ ನೀರು ಕೂದಲು ಕೂದಲಿನ ಸಂದಿಯಲ್ಲಿ ಹಿಡಿದುಕೊಂಡಿರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ; ಅದು ತೂಗುಹಾಕಿದ ಮಾತ್ರಕ್ಕೆ ಇಳಿದು ಬೀಳುವಂಥದ್ದಲ್ಲ, ಗಾಳಿಗೇ ಆರಬೇಕು. ನಾನು ಎರಡೂ ಮಾಡಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಹಿಂಡುವುದರಲ್ಲಿ. ನೀರು ತಿಳಿಯಾಗುವವರೆಗೆ ತೊಳೆದು, ಬುಡವನ್ನು ಮೆಲ್ಲಗೆ ಹಿಸುಕಿ, ಜೋರಾಗಿ ಕೊಡವಿ, ಒಣ ಬಟ್ಟೆಯ ಮೇಲೆ ನಾಲ್ಕು ಸಲ ಸವರಿದರೆ ನಮ್ಮ ಹಂದಿಕೂದಲಿನ ಬ್ರಶ್ಶು ಮರುಬೆಳಗ್ಗೆ ಬುಡದವರೆಗೂ ಒಣಗಿರುತ್ತದೆ. ಹಂದಿಕೂದಲು ನೀರನ್ನು ಒಳಗೂ ಕುಡಿಯುತ್ತದೆ, ನೈಲಾನಿನಂಥ ಕೃತಕ ಕೂದಲು ಅಷ್ಟಾಗಿ ಕುಡಿಯುವುದಿಲ್ಲ. ಹೆಚ್ಚು ಜನರ ಆರೈಕೆ ಮಾಡುವ ಮನೆಗಳಿಗೆ ಒಬ್ಬೊಬ್ಬರಿಗೂ ಒಂದೊಂದು ಕೃತಕ ಬ್ರಶ್ಶೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬ್ರಶ್ಶನ್ನು ಸೋಪಿನ ಮೇಲೆ ಒರಗಿಸಿಡುವುದು ಮಾತ್ರ ಯಾರೂ ಮಾಡಬಾರದು. ಎರಡೂ ಒಣಗುವುದಿಲ್ಲ.

ಪ್ರಯಾಣದಲ್ಲಿ ಮುಚ್ಚಳ ಹಾಕದೆ ವಿಧಿಯಿಲ್ಲ, ಬೆಳಗ್ಗೆ ಶೇವ್ ಮಾಡಿ ಗಂಟೆಯೊಳಗೆ ಹೊರಡಬೇಕಾಗುತ್ತದೆ. ಆಗ ಸೋಪಿನ ಮೇಲ್ಮೈಯನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ ಮುಚ್ಚಿ. ತಲುಪಿದ ಕೂಡಲೇ ಚೀಲದಿಂದ ಮೊದಲು ತೆಗೆಯಬೇಕಾದ್ದು ಆ ಡಬ್ಬಿ. ಆಸ್ಪತ್ರೆಯಲ್ಲಿ ಎರಡನೆಯ ಸಲ ಒಂಬತ್ತು ದಿನ ಇದ್ದಾಗ ಹೀಗೇ ಮಾಡಿದೆ. ಹಾಸಿಗೆಯ ಪಕ್ಕದ ಮೇಜಿನ ಮೇಲೆ ತೆರೆದ ಡಬ್ಬಿ ನೋಡಿ ಶುಚಿ ಮಾಡಲು ಬಂದವರು ದಿನಾ ಮುಚ್ಚಿಟ್ಟು ಹೋಗುತ್ತಿದ್ದರು, ದಿನಾ ಯಜಮಾನರು ಎಡಗೈಯಿಂದ ತೆಗೆದಿಡುತ್ತಿದ್ದರು. ಈ ಸಲ ನಾನು ಅವರ ಪರವಾಗಿ ಮಾತಾಡಿದೆ.

ದಿನವೂ ಶೇವ್ ಮಾಡುವವರಿಗೆ ಒಂದೇ ಸೋಪು ಪೂರ್ತಿ ಒಣಗಲು ಹೊತ್ತು ಸಾಲದಿದ್ದರೆ ಎರಡು ಬಿಲ್ಲೆ ಇಟ್ಟುಕೊಂಡು ಸರದಿಯ ಮೇಲೆ ಬಳಸಬಹುದು. ಪ್ರತಿಯೊಂದಕ್ಕೂ 48 ಗಂಟೆ ಸಿಗುತ್ತದೆ. ಖರ್ಚು ಹೆಚ್ಚಿದಂತೆ ಕಂಡರೂ ಹೆಚ್ಚುವುದಿಲ್ಲ, ಎರಡು ಬಿಲ್ಲೆ ಎರಡರಷ್ಟು ದಿನಕ್ಕೂ ಮೀರಿ ಬರುತ್ತವೆ. ಒಣಗಿದ ಸೋಪಿನಿಂದ ಬ್ರಶ್ಶು ತನಗೆ ಬೇಕಾದಷ್ಟನ್ನು ಮಾತ್ರ ಎತ್ತುತ್ತದೆ, ಲೋಳೆಯಾದ ಸೋಪನ್ನು ಬಾಚಿಕೊಂಡುಬಿಡುತ್ತದೆ. ನನ್ನ ತಕ್ಕಡಿಯ ಪ್ರಕಾರ ಒಣ ಬಿಲ್ಲೆಯಿಂದ ಒಂದು ಶೇವಿಗೆ ಖರ್ಚಾಗುವುದು ಸುಮಾರು ಒಂದು ಗ್ರಾಂ.

ಬಳಸದ ಸೋಪನ್ನು ಎತ್ತಿಡುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಯಜಮಾನರು ಒಟ್ಟಿಗೇ ತಂದಿಟ್ಟಿದ್ದ ಐದು ಬಿಲ್ಲೆಗಳನ್ನು ನಾನು ಬಚ್ಚಲಿನಲ್ಲಿ ನೀರು ಕಾಯಿಸುವ ಗೀಸರಿನ ಮೇಲಿನ ಹಲಗೆಗೆ ಸಾಗಿಸಿದ್ದೆ, ಕೈಗೆ ಸಿಗಲಿ ಎಂದು. ಕೆಳಗಿಂದ ಬಿಸಿ, ಸುತ್ತ ಆವಿ. ಒಂದು ವರ್ಷದ ಮೇಲೆ ಬಿಚ್ಚಿದರೆ ಎರಡರ ಮೈಮೇಲೆ ಕಿತ್ತಳೆ ಬಣ್ಣದ ಕಲೆ, ಕಮಟು ವಾಸನೆ. ಅವರು ಮೊದಲು ಇಡುತ್ತಿದ್ದದ್ದು ಮಲಗುವ ಕೋಣೆಯ ಬಟ್ಟೆ ಕಪಾಟಿನಲ್ಲಿ, ಕಂಪನಿಯ ಕಾಗದ ಬಿಚ್ಚದೆ. ಅಲ್ಲಿ ತಂಪು, ಕತ್ತಲೆ, ಒಣ. ಉಳಿದ ಮೂರನ್ನು ಅಲ್ಲಿಗೇ ಮರಳಿಸಿದೆ. ತೆರೆದ ಸೋಪನ್ನು ಕಿಟಕಿಯ ಬಳಿ ಇಡಿ ಎಂದೆನಲ್ಲ, ಅದೂ ನೇರ ಬಿಸಿಲು ಬೀಳದ ಕಿಟಕಿ. ಬಿಸಿಲಿನಲ್ಲಿ ಮೇಲ್ಪದರ ಬೇಗ ಒಣಗಿ ಸೀಳುತ್ತದೆ, ಒಳಗೆ ಹಸಿ ಹಾಗೇ ಉಳಿಯುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಮುಂದಿನ ಭಾನುವಾರ ಅದೇ ಅಂಕಣದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ಸೋಪು ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಮುಚ್ಚಳ ಹಾಕಬೇಕು ಎಂದು ತಿದ್ದುಪಡಿ ಹಾಕಿ. ಆ ಅಂಕಣವನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿಕೊಳ್ಳುವವರು ಇದ್ದಾರೆ, ನಾನೂ ಅವರಲ್ಲೊಬ್ಬಳು.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)